ಇಟಾಸ್ಕಾ ಜುಲೈ ತಿಂಗಳಿಗೆ ಮಾತ್ರ ಮೀಸಲಲ್ಲ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನಾನು ಬಲ್ಲ ಕನ್ನಡದ ಕುಟುಂಬಗಳಲ್ಲಿ ಇಟಾಸ್ಕಾ ಸ್ಟೇಟ್ ಪಾರ್ಕಿಗೆ ಹೋಗದವರು ಕಡಿಮೆ. ಆದರೆ ಹೋದವರಲ್ಲಿ ಹೆಚ್ಚಿನವರು ಜುಲೈ ತಿಂಗಳ ಒಂದು ಶನಿವಾರ ಮಿನಿಯಾಪೊಲಿಸ್‌ನಿಂದ ನಾಲ್ಕು ಗಂಟೆ ಕಾರು ಓಡಿಸಿ, ಅಲ್ಲಿನ ಇಟಾಸ್ಕಾ ಸರೋವರದಿಂದ ಮಿಸಿಸಿಪ್ಪಿ ನದಿ ಹೊರಬೀಳುವಲ್ಲಿ ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ಆ ಮಹಾನದಿಯನ್ನು ದಾಟಿ, ಫೋಟೊ ತೆಗೆಸಿಕೊಂಡು, ಚಿತ್ರಾನ್ನದ ಡಬ್ಬಿ ಖಾಲಿಯಾದೊಡನೆ ಮರಳುತ್ತಾರೆ. ಈ ಪದ್ಧತಿಯ ಬಗ್ಗೆ ನನಗೆ ತಕರಾರಿದೆ.

ಎಲ್ಲರೂ ಮುಗಿಬೀಳುವ ಆ ಕಲ್ಲುಗಳನ್ನು ಅಲ್ಲಿ ಜೋಡಿಸಿದ್ದು 1930ರ ದಶಕದಲ್ಲಿ. ಜೌಗಿನಲ್ಲಿ ಹರಡಿಹೋಗುತ್ತಿದ್ದ ನೀರಿಗೆ ಅಚ್ಚುಕಟ್ಟಾದ ಪಾತ್ರವನ್ನು ರೂಪಿಸಿದ್ದೂ ಆಗಲೇ. ಪಕ್ಕದ ಮರದ ಕಂಬದಲ್ಲಿ, ನದಿ ಇಲ್ಲಿಂದ ಮೆಕ್ಸಿಕೊ ಕೊಲ್ಲಿಗೆ 2552 ಮೈಲಿ ಹರಿಯುತ್ತದೆಂದು ಹಳದಿ ಅಕ್ಷರಗಳಲ್ಲಿ ಕೊರೆದಿದ್ದಾರೆ. ಇಂದಿನ ಲೆಕ್ಕದಲ್ಲಿ ಅದು ಸುಮಾರು 2340 ಮೈಲಿ. (ಕಂಬವನ್ನು ಯಾರೂ ತಿದ್ದಿಲ್ಲ, ತಿದ್ದುವುದೂ ಬೇಡ.)

ನಿಜವಾಗಿ ಹಳೆಯದೆಂದರೆ ಸರೋವರದ ದಡದ ಕಾಡು. ಪ್ರೀಚರ್ಸ್ ಗ್ರೋವ್‌ನ ಕೆಂಪು ಪೈನ್ ಮರಗಳು ಇನ್ನೂರು ವರ್ಷ ದಾಟಿವೆ. 1891ರಲ್ಲಿ ರಾಜ್ಯದ ಶಾಸನಸಭೆ ಈ ಉದ್ಯಾನವನ್ನು ಒಂದೇ ಒಂದು ಮತದ ಅಂತರದಲ್ಲಿ ಒಪ್ಪಿಕೊಂಡಿತು. ಕಾಗದದ ಮೇಲೆ ಉದ್ಯಾನವಾದ ಮಾತ್ರಕ್ಕೆ ಮರಗಳು ಉಳಿಯಲಿಲ್ಲ. 1903ರಲ್ಲಿ ತಂದೆಯ ನಿಧನದ ನಂತರ ಉದ್ಯಾನದ ಹೊಣೆ ಹೊತ್ತ 24 ವರ್ಷದ ಮೇರಿ ಗಿಬ್ಸ್, ಮರ ಕಡಿಯುವ ಕಂಪನಿಯವರು ದಿಮ್ಮಿ ತೇಲಿಸಲು ಕಟ್ಟಿದ್ದ ಒಡ್ಡಿನಿಂದ ನೀರೇರಿ ದಡದ ಮರಗಳು ಮುಳುಗುತ್ತಿದ್ದುದನ್ನು ಕಂಡು, ಅದರ ಗೇಟು ತೆರೆಯಲೇಬೇಕೆಂದು ಹಟ ಹಿಡಿದರು. ಕಂಪನಿಯ ಆಳುಗಳು ಬಂದೂಕು ತೋರಿಸಿದರೂ ಜಗ್ಗಲಿಲ್ಲ. ಅವರು ಆ ಹುದ್ದೆಯಲ್ಲಿದ್ದದ್ದು ಕೆಲವೇ ತಿಂಗಳು. ಇಂದು ಉಗಮದ ಬಳಿಯ ಸಂದರ್ಶಕ ಕೇಂದ್ರಕ್ಕೆ ಅವರದೇ ಹೆಸರಿದೆ, ಅದರ ಮುಂದೆ ನಾವು ಐಸ್‌ಕ್ರೀಮ್ ತಿನ್ನುತ್ತ ಹಾದುಹೋಗುತ್ತೇವೆ.

ಹೀಗೆ ಉಳಿಸಿಕೊಂಡ ಕಾಡು ವರ್ಷವಿಡೀ ತೆರೆದಿರುವಾಗ ಅದನ್ನು ಬೇಸಿಗೆಯ ಎರಡು ತಿಂಗಳಿಗೆ ಕುಗ್ಗಿಸಿಕೊಂಡವರು ನಾವೇ. ಫೆಬ್ರವರಿಯಲ್ಲಿ ಹೋಗಿ ನೋಡಿ. ಸರೋವರದ ಮಂಜುಗಡ್ಡೆಗೆ ತೂತು ಕೊರೆದು ವಾಲೈ ಮೀನಿಗೆ ಗಾಳ ಹಾಕಿ ಕೂತವರು, ಪೈನ್ ಮರಗಳ ನಡುವೆ ಸ್ಕೀ ಕಟ್ಟಿಕೊಂಡು ಸಾಗುವವರು ಕಾಣುತ್ತಾರೆ. ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಕಟ್ಟುವ ಅಗಲದ ಮೆಟ್ಟು, ಸ್ನೋಶೂ, ಹಾಕಿಕೊಂಡು ನಡೆಯುವುದನ್ನು ಕಲಿಯಲು ನಮ್ಮಂಥವರಿಗೆ ಅರ್ಧ ತಾಸು ಸಾಕು. ಉದ್ಯಾನದಲ್ಲಿ ನವೆಂಬರಿನಲ್ಲಿ ನಡೆಯುವ ಜಿಂಕೆ ಬೇಟೆ ನಮ್ಮಲ್ಲಿ ಅನೇಕರಿಗೆ ಹಿಡಿಸದು, ನನಗೂ ಒಮ್ಮೆಲೇ ಒಪ್ಪಿಗೆಯಾಗಲಿಲ್ಲ. ಆದರೆ ಬೇಟೆ ನಿಷೇಧಿಸಿದ್ದ ಕಾಲದಲ್ಲಿ ಜಿಂಕೆಗಳು ವಿಪರೀತ ಹೆಚ್ಚಿ ಎಳೆಯ ಪೈನ್ ಸಸಿಗಳನ್ನೆಲ್ಲ ಮೇಯ್ದು ಮುಗಿಸಿದವು. ಈಗಲೂ ಸಸಿಯ ತುದಿಮೊಗ್ಗಿಗೆ ಕಾಗದದ ಚೂರು ಸುತ್ತಿ ಸ್ಟೇಪ್ಲರ್ ಹೊಡೆದು ಕಾಯುತ್ತಾರೆ. ಮುದಿ ಮರಗಳ ಬುಡದಲ್ಲಿ ಮರಿ ಮರಗಳೇ ಇಲ್ಲದ ಕಾಡು ಎಷ್ಟು ಕಾಲ ಬಾಳೀತು?

ಚಳಿಗೆ ಅಂಜುವವರು ಸೆಪ್ಟೆಂಬರ್ ಕೊನೆಯಲ್ಲಿ ಹೊರಡಬಹುದು. ಸೊಳ್ಳೆಯ ಕಾಟ ತಗ್ಗಿರುತ್ತದೆ, ವೈಲ್ಡರ್ನೆಸ್ ಡ್ರೈವ್‌ನಲ್ಲಿ ಸೈಕಲ್ ತುಳಿಯಲು ಹಾದಿ ಬಿಡುವಾಗಿರುತ್ತದೆ. ಪ್ರವೇಶದ ಪರ್ಮಿಟ್ ತಲೆಗೆ ಇಷ್ಟೆಂದಲ್ಲ, ವಾಹನಕ್ಕೆ. ವರ್ಷದ ಪರ್ಮಿಟ್ ಕೊಂಡರೆ ರಾಜ್ಯದ ಉಳಿದ ಪಾರ್ಕುಗಳಿಗೂ ಅದೇ ಸಲ್ಲುತ್ತದೆ. ಸ್ಕೀ ಮಾಡುವುದಾದರೆ ಮಾತ್ರ 16 ವರ್ಷ ತುಂಬಿದವರು ಬೇರೆ ಪಾಸ್ ಪಡೆಯಬೇಕು.