ಟೈರು ಫ್ರೀ, ಫಿಟ್ಟಿಂಗ್ ಖರ್ಚು ನಿಮ್ಮದು

ನಮ್ಮ ಮನೆಯಲ್ಲಿ ಗ್ರಿಪ್ ಅಂದರೆ ಜೀಪಿನ ಟೈರು. ಜುಲೈ ಮಳೆಯಲ್ಲಿ ತೋಟಕ್ಕೆ ಏರುವ ಮಣ್ಣುದಾರಿ ನೋಡಿದವರಿಗೆ ಬೇರೆ ಅರ್ಥ ನೆನಪಾಗುವುದೇ ಇಲ್ಲ. ಹಾಗಾಗಿ ಬೆಂಗಳೂರಿನಿಂದ ಬಂದ ತಂಗಿ ಯಾವುದೋ ಕ್ಲಿನಿಕ್ಕಿನ ಬ್ರೋಷರ್ ಬಿಚ್ಚಿ, "ಅಕ್ಕಾ, ಸ್ತನಕ್ಕೆ ಹಾಕುವ ಇಂಪ್ಲಾಂಟಿನಲ್ಲಿ ಟೆಕ್ಸ್ಚರ್ಡ್ ಅಂತ ಒಂದಿತ್ತಂತೆ, ಹೊರಮೈಯೆಲ್ಲ ತರಿತರಿ, ಒಳಗೆ ಗ್ರಿಪ್ ಸಿಗುತ್ತಿತ್ತಂತೆ" ಅಂದಾಗ ಅತ್ತೆ ಒಲೆ ಮುಂದೆ ಕೂತಲ್ಲಿಂದಲೇ ಕೇಳಿದರು, "ಅದು ಯಾವ ಗುಡ್ಡ ಹತ್ತಬೇಕಿತ್ತಂತೆ?"

ಗ್ರಿಪ್ ಸುಳ್ಳೇನಲ್ಲ. ಹನಿಯ ಆಕಾರದ ಇಂಪ್ಲಾಂಟ್ ಒಳಗೆ ತಿರುಗಿಬಿಟ್ಟರೆ ಆಕಾರ ಕೆಡುತ್ತದೆ, ಅದಕ್ಕೇ ತರಿ. ಅಲರ್ಗನ್ ಕಂಪನಿಯ ಬಯೋಸೆಲ್ ಮಾದರಿಗೆ ಆ ತರಿ ಬಂದಿದ್ದು ಉಪ್ಪಿನಿಂದ. ಸಿಲಿಕೋನಿನ ಮೇಲೆ ಉಪ್ಪಿನ ಹರಳು ಕೂರಿಸಿ ಆಮೇಲೆ ತೊಳೆದರೆ ಗುಳಿಗಳು ಉಳಿಯುತ್ತವೆ, ಅಷ್ಟೇ. ನಾವು ಕಾಲಿಗೆ ಹತ್ತಿದ ಜಿಗಣೆ ಬಿಡಿಸೋಕೆ ಉಪ್ಪು ಹಾಕುತ್ತೇವೆ. ಅವರು ಹಿಡಿಸೋಕೆ ಹಾಕಿದರು.

ಹಿಡಿಯಿತು ಕೂಡ. ಇಂಪ್ಲಾಂಟಿಗೂ ಒಂದು ಅಪರೂಪದ ಲಿಂಫೋಮಾಕ್ಕೂ ನಂಟು ಇರಬಹುದು ಅಂತ ಅಮೆರಿಕದ ಔಷಧಿ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಹೇಳಿತ್ತು. ಇದು ಸ್ತನ ಕ್ಯಾನ್ಸರ್ ಅಲ್ಲ, ರೋಗನಿರೋಧಕ ಕಣಗಳ ಕ್ಯಾನ್ಸರ್. ಎಷ್ಟೋ ವರ್ಷದ ಮೇಲೆ, ಎಲ್ಲ ಮರೆತುಹೋದ ಮೇಲೆ, ಊತ ಬರುತ್ತದೆ. ಫ್ರಾನ್ಸ್ 2019ರ ಏಪ್ರಿಲ್‌ನಲ್ಲಿ ಇಂಥ ಒರಟು ಮಾದರಿಗಳನ್ನು ನಿಷೇಧಿಸಿತು. ಎಫ್‌ಡಿಎ ಮೇ ತಿಂಗಳಲ್ಲಿ, ನಿಷೇಧ ಮಾಡುವಷ್ಟು ಆಧಾರ ಇಲ್ಲ ಅಂದಿತು. ಜುಲೈನಲ್ಲಿ ಕೂತು ಲೆಕ್ಕ ಹಾಕಿದರೆ ಪ್ರಪಂಚದಲ್ಲಿ 573 ಪ್ರಕರಣ, 33 ಸಾವು. ಆ 573ರಲ್ಲಿ 481 ಅಲರ್ಗನ್ ಇಂಪ್ಲಾಂಟಿನವು. ಆಗ, ದಯವಿಟ್ಟು ವಾಪಸ್ ತಗೊಳ್ಳಿ ಅಂತ ಕಂಪನಿಯನ್ನು ಕೇಳಿಕೊಂಡರು. ಕಂಪನಿಯೂ ತಗೊಂಡಿತು, ಎಲ್ಲ ದೇಶಗಳಿಂದ.

ಏನನ್ನು? ಕಪಾಟಿನಲ್ಲಿ ಇದ್ದದ್ದನ್ನು.

ಮೈಯೊಳಗೆ ಇರುವುದು ಅಲ್ಲೇ ಇರಲಿ, ತೊಂದರೆ ಇಲ್ಲದಿದ್ದರೆ ತೆಗೆಸಬೇಡಿ ಅಂದರು. ಇದರಲ್ಲಿ ನ್ಯಾಯ ಇದೆ, ಅದನ್ನು ಗೇಲಿ ಮಾಡಲಾರೆ. ಕಾಯಿಲೆ ತೀರಾ ಅಪರೂಪ, ಕತ್ತರಿ ಹಾಕಿಸಿಕೊಳ್ಳುವುದರಲ್ಲೂ ಅಪಾಯ ಇದ್ದೇ ಇದೆ. ನನಗೆ ನಗು ಬಂದಿದ್ದು ಕಂಪನಿಯ ಔದಾರ್ಯಕ್ಕೆ. ಬದಲಾಯಿಸಬೇಕು ಅನ್ನಿಸಿದರೆ ಎರಡು ವರ್ಷದೊಳಗೆ ನುಣುಪು ಮಾದರಿ ಫ್ರೀ ಕೊಡುತ್ತೇವೆ, ಆಪರೇಷನ್ ಖರ್ಚು ಮಾತ್ರ ನಿಮ್ಮದು! ಆ ಕ್ಯಾನ್ಸರೇ ಬಂದಿದ್ದರೆ ಮಾತು ಬೇರೆ. ಗೋಣಿಕೊಪ್ಪದ ಟೈರ್ ಅಂಗಡಿಯವನು ಹೀಗೆ ಹೇಳಿದ್ದರೆ ಸಂತೆ ದಿನ ಅವನ ಕಥೆ ಮುಗಿಯುತ್ತಿತ್ತು.

ಆಮೇಲೆ ಇನ್ನೊಂದು ತಮಾಷೆ. ಮಾಲು ಯಾರ್ಯಾರ ಮೈಯಲ್ಲಿದೆ ಅಂತ ಪೂರ್ತಿ ಪತ್ತೆ ಇಲ್ಲದೆ, 2020ರಲ್ಲಿ ಸೋಷಿಯಲ್ ಮೀಡಿಯಾದಲ್ಲಿ ಜಾಹೀರಾತು ಕೊಟ್ಟು ಹುಡುಕಬೇಕಾಯಿತು. ನಮ್ಮಲ್ಲಿ ಅರಣ್ಯ ಇಲಾಖೆ ಕಾಡಾನೆಗೆ ಕಾಲರ್ ಹಾಕಿ, ಅದು ಇವತ್ತು ಯಾರ ತೋಟದಲ್ಲಿದೆ ಅಂತ ಫೋನಿಗೆ ಮೆಸೇಜ್ ಕಳಿಸುತ್ತದೆ. ಆನೆ ಫಾರ್ಮ್ ತುಂಬಿ ಸಹಿ ಹಾಕಿರಲಿಲ್ಲ, ಬಿಲ್ಲೂ ಕಟ್ಟಿರಲಿಲ್ಲ.

ಅಮೆರಿಕದಲ್ಲಿ ಇಂಪ್ಲಾಂಟಿನ ಲೇಬಲ್ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಕಡ್ಡಾಯ ಆಗಿದ್ದು 2021ರ ಅಕ್ಟೋಬರಿನಲ್ಲಿ. ನಂಟು ಇರಬಹುದು ಅಂತ ಎಫ್‌ಡಿಎ ಹೇಳಿದ ಹತ್ತು ವರ್ಷಕ್ಕೆ.

ತಂಗಿ ಸಮಾಧಾನ ಹೇಳಿದಳು, "ಈಗ ಇವರು ಹಾಕೋದು ನುಣುಪಿಂದು ಅತ್ತೆ, ನೋಡಿ, ಲೈಫ್‌ಟೈಮ್ ಅಂತ ಬರೆದಿದ್ದಾರೆ." ಯಾವ ಇಂಪ್ಲಾಂಟೂ ಜೀವಮಾನಕ್ಕೆ ಬರುವುದಿಲ್ಲ ಅಂತ ಅದೇ ಎಫ್‌ಡಿಎ ಹೇಳುತ್ತದೆ. ಯಾರ ಲೈಫು, ಎಷ್ಟು ಟೈಮು ಅಂತ ಬ್ರೋಷರ್‌ನಲ್ಲಿ ಇರಲಿಲ್ಲ. ಆರ್ಕಿಡ್ ಹೂವಿತ್ತು.

ಅತ್ತೆ ಕೈ ಒರೆಸಿಕೊಂಡು ಬಂದು ಬ್ರೋಷರ್ ಇಸ್ಕೊಂಡರು. ಕಾಫಿಗೆ ಹೊಡೆಯುವ ಔಷಧಿ ಡಬ್ಬದ ಮೇಲೆ, ವಿಷ ಎಷ್ಟು ಅಂತ ಹೇಳುವ ಬಣ್ಣದ ತ್ರಿಕೋನ ನೋಡದೆ ಅದನ್ನು ಮನೆಯೊಳಗೆ ಬಿಡದ ಹೆಂಗಸು ಅವರು.

"ಇದರಲ್ಲಿ ತ್ರಿಕೋನ ಎಲ್ಲಿದೆ?"

ಹಿಂದೆ ಮುಂದೆ ತಿರುಗಿಸಿದೆವು. ಕೊನೇ ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರ ಕಂಡಿತು. ಅಂತೂ ಇದೆಯಲ್ಲ ಅಂತ ಅತ್ತೆ ಕನ್ನಡಕ ತರಿಸಿ ಬೆಳಕಿಗೆ ಹಿಡಿದು ಓದಿದರು.

ಅದು ಇಎಂಐ ಷರತ್ತು.