ಸ್ಪಷ್ಟನೆ: ವಾಟ್ಸ್‌ಆ್ಯಪ್ ಮಾಡಿದರೆ ಸಾಕು, ಎಫ್‌ಐಆರ್ ಆಗುತ್ತದೆಯೇ?

‘ಹೊಸ ಕಾನೂನು ಬಂದಿದೆ, ಠಾಣೆಗೆ ಹೋಗಬೇಕಿಲ್ಲ, ಮೆಸೇಜ್ ಕಳಿಸಿದ ಕೂಡಲೇ ಎಫ್‌ಐಆರ್ ಆಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧ ಸತ್ಯ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ) ಮಾಹಿತಿಯನ್ನು ವಿದ್ಯುನ್ಮಾನ ಮಾರ್ಗದಲ್ಲೂ ಕೊಡಬಹುದು, ನಿಜ. ಆದರೆ ಕೊಟ್ಟವರು 3 ದಿನದೊಳಗೆ ಸಹಿ ಹಾಕಿದರೆ ಮಾತ್ರ ಅದು ದಾಖಲಾಗುತ್ತದೆ. ಜನ ಎಡವುವುದು ಇಲ್ಲೇ: ಮೆಸೇಜ್ ಕಳಿಸಿ ಸುಮ್ಮನೆ ಕೂರುತ್ತಾರೆ.

ಬಾಯಿಮಾತಿನ ದೂರನ್ನು ಅಧಿಕಾರಿ ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯಬೇಕು. ಓದಿ ಹೇಳದಿದ್ದರೆ ಕೇಳಿ. ಘಟನೆ ನಡೆದ ಸಮಯ, ಠಾಣೆಗೆ ಮಾಹಿತಿ ಬಂದ ಸಮಯ ಎರಡಕ್ಕೂ ಎಫ್‌ಐಆರ್ ನಮೂನೆಯಲ್ಲಿ ಬೇರೆ ಬೇರೆ ಜಾಗವಿದೆ. ತಡವಾದ ಕಾರಣಕ್ಕೂ ಒಂದು ಕಾಲಂ ಇದೆ. ಅದನ್ನು ಖಾಲಿ ಬಿಟ್ಟರೆ ಮುಂದೆ ಕೋರ್ಟಿನ ಪಾಟೀಸವಾಲಿನಲ್ಲಿ ಮೊದಲ ಪ್ರಶ್ನೆಯೇ ಅದು. ‘ಆಸ್ಪತ್ರೆಯಲ್ಲಿದ್ದೆ’ ಎಂಬ ಒಂದು ಸಾಲಾದರೂ ಇರಲಿ. ಎಫ್‌ಐಆರ್‌ನ ಪ್ರತಿ ಉಚಿತ, ಕೂಡಲೇ ಕೊಡಬೇಕು.

‘ನಮ್ಮ ವ್ಯಾಪ್ತಿಯಲ್ಲ’ ಎನ್ನುವಂತಿಲ್ಲ. ಜೀರೊ ಎಫ್‌ಐಆರ್ (ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್) ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮುಗಿಸಲು ಅವಕಾಶವಿದೆ. ಹಾಗಾಗಿ ಎಲ್ಲ ವಿಳಂಬವೂ ನಿರಾಕರಣೆಯಲ್ಲ. ನಿಜಕ್ಕೂ ನಿರಾಕರಿಸಿದರೆ ದೂರಿನ ಸಾರಾಂಶವನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು.

ಅಂದಹಾಗೆ, ಕಳೆದುಹೋದ ವಸ್ತುವಿಗೆ ಆನ್‌ಲೈನ್‌ನಲ್ಲಿ ಸಿಗುವ ಇ-ಲಾಸ್ಟ್ ರಿಪೋರ್ಟ್ ಎಫ್‌ಐಆರ್ ಅಲ್ಲ. ಮೊಬೈಲ್ ಕಳುವಾಗಿದ್ದರೆ ‘ಕಳೆದುಹೋಗಿದೆ’ ಎಂದು ಬರೆಸಬೇಡಿ.