ಸೋರುವ ಅಕ್ವೇರಿಯಂ ಗುಜರಿಗೆ ಹೋಗಬೇಕಾಗಿಲ್ಲ

ಅಕ್ವೇರಿಯಂ ಸೋರಲು ತೊಡಗಿದರೆ ನಮ್ಮ ಕಡೆ ಜನ ಎರಡೇ ದಾರಿ ಹೇಳುತ್ತಾರೆ: ಹೊರಗಿನಿಂದ ಏನನ್ನಾದರೂ ಮೆತ್ತಿಬಿಡಿ, ಇಲ್ಲವೇ ತೊಟ್ಟಿಯನ್ನು ಗುಜರಿಗೆ ಕೊಟ್ಟು ಮೀನುಗಳನ್ನು ಹತ್ತಿರದ ಕೆರೆಗೋ ತೋಡಿಗೋ ಬಿಟ್ಟುಬಿಡಿ. ಮೊದಲನೆಯದರಿಂದ ಪ್ರಯೋಜನವಿಲ್ಲ. ಎರಡನೆಯದು ನಮ್ಮ ನೀರಿಗೆ ಮಾಡುವ ದ್ರೋಹ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಪರಿಚಿತರ ಮನೆಗಳಲ್ಲಿ ಈ ಸಲಹೆಯನ್ನು ಮತ್ತೆ ಮತ್ತೆ ಕೇಳಿದ ಮೇಲೆ ಬರೆಯದೆ ಇರಲಾಗಲಿಲ್ಲ.

ಸೋರುವುದು ಹೆಚ್ಚಾಗಿ ಗಾಜಲ್ಲ, ಗಾಜಿನ ಜಾಯಿಂಟು. ಅಲ್ಲಿ ಸಿಲಿಕೋನ್ ಎಂಬ ರಬ್ಬರಿನಂಥ ಅಂಟು ಎರಡು ಕಡೆ ಇರುತ್ತದೆ. ಎರಡು ಗಾಜುಗಳ ನಡುವೆ ಇರುವುದು ತೊಟ್ಟಿಯನ್ನು ಹಿಡಿದು ನಿಲ್ಲಿಸುತ್ತದೆ. ಒಳಮೂಲೆಯಲ್ಲಿ ಎಳೆದ ಪಟ್ಟಿ ಅದಕ್ಕೆ ನೀರು ತಾಗದಂತೆ ಕಾಯುತ್ತದೆ. ಪಾಚಿ ಕೆರೆಯಲು ಬ್ಲೇಡು ಹಿಡಿದವರು ಮೂಲೆಯವರೆಗೂ ಎಳೆದರೆ ಈ ಒಳಪಟ್ಟಿ ಸೀಳುತ್ತದೆ. ಇನ್ನೊಂದು ಕಾರಣ ಮೇಜು. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ತುಂಬಿದರೆ 120 ಲೀಟರಿಗಿಂತ ಹೆಚ್ಚು ನೀರು. ಅಂದರೆ ನೀರಿನ ಭಾರವೇ 120 ಕಿಲೋಗಿಂತ ಹೆಚ್ಚು. ಮೇಜು ಒಂದು ಕಡೆ ವಾಲಿದ್ದರೆ ಆ ಭಾರವೆಲ್ಲ ಜಾಯಿಂಟನ್ನು ತಿರುಚುತ್ತದೆ. ರಸಮಟ್ಟ ಇಟ್ಟು ನೋಡಿ, ಚೌಕಟ್ಟಿಲ್ಲದ ತೊಟ್ಟಿಯ ಕೆಳಗೆ ಥರ್ಮೋಕೋಲ್ ಹಾಳೆ ಹಾಸದೆ ಯಾರೂ ನೀರು ತುಂಬಬಾರದು.

ಹೊರಗಿನಿಂದ ಮೆತ್ತಿದ್ದು ಏಕೆ ನಿಲ್ಲುವುದಿಲ್ಲ? ನೀರು ಒಳಗಿನಿಂದ ಹೊರಕ್ಕೆ ಒತ್ತುತ್ತದೆ. ಒಳಗೆ ಹಚ್ಚಿದ ಸಿಲಿಕೋನನ್ನು ಆ ಒತ್ತಡವೇ ಮೂಲೆಗೆ ಅದುಮಿ ಹಿಡಿಯುತ್ತದೆ. ಹೊರಗೆ ಹಚ್ಚಿದ್ದನ್ನು ಗಾಜಿನಿಂದ ಎಬ್ಬಿಸುತ್ತದೆ. ಪೈಪಿಗೆ ಹಚ್ಚುವ ಎಪಾಕ್ಸಿ ಅಂಟು ತಂದು ಮೆತ್ತಿದವರದ್ದೂ ಇದೇ ಗತಿ. ಹಳೆಯ ಸಿಲಿಕೋನಿನ ಮೇಲೆ ಹೊಸದು ಗಟ್ಟಿಯಾಗಿ ಕಚ್ಚುವುದೂ ಇಲ್ಲ. ಆದ್ದರಿಂದ ಸೋರುವ ಒಂದಿಂಚನ್ನು ಹುಡುಕಿ ತೇಪೆ ಹಾಕುವ ಕೆಲಸ ಇದಲ್ಲ. ತೊಟ್ಟಿಯನ್ನು ಖಾಲಿ ಮಾಡಿ, ಒಳಪಟ್ಟಿಯನ್ನು ನಾಲ್ಕು ಮೂಲೆಗಳಲ್ಲೂ ತಳದ ಸುತ್ತಲೂ ಪೂರ್ತಿ ಕೆರೆದು ತೆಗೆಯಬೇಕು. ಗಾಜುಗಳ ನಡುವಿನ ಸಿಲಿಕೋನಿಗೆ ಬ್ಲೇಡು ಇಳಿಯಬಾರದು. ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ, ಗಾಜು ಚೆನ್ನಾಗಿ ಒಣಗಿದ ಮೇಲೆಯೇ ಹೊಸ ಪಟ್ಟಿ ಎಳೆಯಬೇಕು. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ದುರಸ್ತಿ ಉಳಿಯುವುದೂ ಅಳಿಯುವುದೂ ಇಲ್ಲಿಯೇ.

ನನಗೆ ನಿಜಕ್ಕೂ ಸಿಟ್ಟು ಬರುವುದು ಸಿಲಿಕೋನ್ ಮಾರುವ ರೀತಿಯ ಬಗ್ಗೆ. ‘ಅಣ್ಣ, ಎಲ್ಲ ಸಿಲಿಕೋನೂ ಒಂದೇ ಅಲ್ಲವೇ?’ ಎಂದು ಹಾರ್ಡ್‌ವೇರ್ ಅಂಗಡಿಯ ಹುಡುಗ ಕೇಳುತ್ತಾನೆ. ಒಂದೇ ಅಲ್ಲ. ಬಚ್ಚಲುಮನೆಗೆಂದು ಬರುವ ಸಿಲಿಕೋನಿನಲ್ಲಿ ಬೂಷ್ಟು ಹಿಡಿಯದಂತೆ ಶಿಲೀಂಧ್ರನಾಶಕ ಬೆರೆಸಿರುತ್ತಾರೆ. ಅದು ನೀರಿಗೆ ಇಳಿದರೆ ಮೀನುಗಳಿಗೆ ವಿಷ. ಒಣಗುವಾಗ ವಿನೆಗರ್ ವಾಸನೆ ಬಂದರೆ ಸಾಕು, ಅದು ಮೀನಿಗೆ ಸುರಕ್ಷಿತ ಎಂಬ ನಂಬಿಕೆಯೂ ಇದೆ. ಬಚ್ಚಲುಮನೆಯ ಎಷ್ಟೋ ಸಿಲಿಕೋನಿಗೂ ಅದೇ ವಾಸನೆ. ಬೇರೇನೂ ಬೆರೆಸದ, ಅಕ್ವೇರಿಯಂಗೆ ಬಳಸಬಹುದೆಂದು ಟ್ಯೂಬಿನ ಮೇಲೆಯೇ ಅಚ್ಚಾದ ಸಿಲಿಕೋನನ್ನೇ ಕೇಳಿ ತೆಗೆದುಕೊಳ್ಳಿ. ಆ ಸಾಲು ಇರುವುದು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ. ಅಂಗಡಿಯವರು ಓದಿ ಹೇಳುವ ತೊಂದರೆಯನ್ನು ತೆಗೆದುಕೊಳ್ಳಲೇಬೇಕು.

ಮಳೆಗಾಲದಲ್ಲಿ ಇದೆಲ್ಲ ಒಣಗುತ್ತದೆಯೇ ಎಂದು ಕೇಳುವವರಿದ್ದಾರೆ. ಈ ಬಗೆಯ ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯ ತೇವವನ್ನು ಹೀರಿಕೊಂಡು. ನಮ್ಮ ಜುಲೈ ತಿಂಗಳ ಗಾಳಿ ಅದಕ್ಕೆ ಶತ್ರುವಲ್ಲ, ಒದ್ದೆ ಗಾಜು ಶತ್ರು. ಮೇಲ್ಪದರ ಕೆಲವು ನಿಮಿಷಗಳಲ್ಲೇ ಕಟ್ಟುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ. ಪಟ್ಟಿ ದಪ್ಪವಿದ್ದಷ್ಟೂ ಕಾಯಬೇಕು. ನಾನಾದರೆ ವಾಸನೆ ಪೂರ್ತಿ ಹೋಗುವವರೆಗೆ, ಸುಮಾರು ಒಂದು ವಾರ, ನೀರು ಮುಟ್ಟಿಸುವುದಿಲ್ಲ. ಮೊದಲ ಪರೀಕ್ಷೆ ಜಗಲಿಯಲ್ಲಿ, ಮಟ್ಟವಾದ ನೆಲದ ಮೇಲೆ, ಅಂಚಿನ ಸುತ್ತ ಒಣ ಪತ್ರಿಕೆ ಹಾಸಿ, ಸ್ವಲ್ಪ ಸ್ವಲ್ಪವೇ ತುಂಬುತ್ತ ಆಗಲಿ. ಹನಿ ಬಿದ್ದರೆ ಕಾಗದ ಹೇಳುತ್ತದೆ. ತಳದ ಗಾಜೇ ಬಿರುಕು ಬಿಟ್ಟಿದ್ದರೆ ಅಂಟಿಸುವ ಮಾತು ಬೇಡ. ಹೊಸ ಗಾಜು ಕತ್ತರಿಸಿ ಹಾಕಿಸಬೇಕು.

ಅಲ್ಲಿಯವರೆಗೆ ಮೀನುಗಳು? ಹಳೆಯ ನೀರನ್ನೇ ತುಂಬಿದ ದೊಡ್ಡ ಪ್ಲಾಸ್ಟಿಕ್ ಡ್ರಮ್ಮು, ಅದರಲ್ಲಿ ಓಡುತ್ತಿರುವ ಏರ್ ಪಂಪ್ ಮತ್ತು ಫಿಲ್ಟರ್. ಫಿಲ್ಟರಿನ ಸ್ಪಂಜನ್ನು ಸ್ವಚ್ಛ ಮಾಡುವ ಉತ್ಸಾಹದಲ್ಲಿ ತೊಳೆದು ಬಿಸಿಲಿಗೆ ಹಾಕುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸಬೇಕೆನಿಸುತ್ತದೆ. ಮೀನಿನ ಮಲದಿಂದ, ಉಳಿದ ಆಹಾರದಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಅಲ್ಲಿಂದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಮನೆ ಅದು. ಒಣಗಿದರೆ ಅವು ಸಾಯುತ್ತವೆ. ದುರಸ್ತಿಯಾದ ತೊಟ್ಟಿಗೆ ಮರಳಿದ ಮೀನುಗಳು ಅಮೋನಿಯಾಕ್ಕೆ ಬಲಿಯಾಗುತ್ತವೆ. ಕರೆಂಟು ಹೋಗುವ ನಮ್ಮೂರಿನಲ್ಲಿ ಬ್ಯಾಟರಿಯ ಏರ್ ಪಂಪ್ ಒಂದು ಇರಲಿ. ಬಾವಿಯ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರಿನಲ್ಲಿ ಮೀನಿಗೆ ವಿಷವಾದ ಕ್ಲೋರಿನ್ ಇಲ್ಲ (ಬ್ಲೀಚಿಂಗ್ ಪುಡಿ ಹಾಕಿರದಿದ್ದರೆ), ಅದು ನಮ್ಮ ಭಾಗ್ಯ. ಆದರೂ ಎಲ್ಲ ನೀರನ್ನೂ ಒಮ್ಮೆಗೇ ಬದಲಾಯಿಸಬೇಡಿ, ಅರ್ಧದಷ್ಟು ಹಳೆಯದನ್ನು ಉಳಿಸಿ.

ಇನ್ನು ಕೆರೆಗೆ ಬಿಡುವ ವಿಚಾರ. ‘ಪಾಪ, ಬದುಕಿಕೊಳ್ಳಲಿ’ ಎನ್ನುತ್ತಾರೆ. ತೊಟ್ಟಿಯ ಪಾಚಿ ತಿನ್ನಲೆಂದು ತರುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು, ಮೈಗೆ ಗಟ್ಟಿ ಕವಚ. ಇಲ್ಲಿ ಅದನ್ನು ತಿನ್ನುವವರು ಕಡಿಮೆ, ದಂಡೆಯನ್ನು ಕೊರೆದು ಬಿಲ ಮಾಡುತ್ತದೆ. 2018ರ ಪ್ರವಾಹದ ನಂತರ ಕೇರಳದ ಹೊಳೆಗಳಲ್ಲಿ ಅರಪೈಮಾ, ಅಲಿಗೇಟರ್ ಗಾರ್‌ನಂಥ ಸಾಕು ಮೀನುಗಳು ಬಲೆಗೆ ಬಿದ್ದಿದ್ದವು. ಅದೇ ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದು ಹಿಡಿದು, ಪಶ್ಚಿಮ ಘಟ್ಟದ್ದೇ ಆದ ಕೆಂಪು ಗೆರೆಯ ‘ಮಿಸ್ ಕೇರಳ’ ಮೀನು ಅಳಿವಿನಂಚಿನ ಪಟ್ಟಿ ಸೇರಿದೆ. ನಮ್ಮ ಮೀನನ್ನು ಹೊಳೆಯಿಂದ ತೆಗೆದು ಪರದೇಶದ ಮೀನನ್ನು ಹೊಳೆಗೆ ಸುರಿಯುವುದಕ್ಕೆ ದಯೆ ಎಂಬ ಹೆಸರು ಕೊಡಲು ನಾನು ಸಿದ್ಧನಿಲ್ಲ.

ಸಾಕಲು ಆಗದವರು ಮಾರಿದ ಅಂಗಡಿಗೇ ಮರಳಿಸಿ. ಅವರು ಒಪ್ಪದಿದ್ದರೆ ಇಲ್ಲಿ ಬರೆಯಿರಿ, ಮೀನು ಸಾಕುವ ಗೆಳೆಯರು ಕುಂಬಳೆಯಿಂದ ಅಡೂರಿನವರೆಗೆ ಇದ್ದಾರೆ. ತೊಟ್ಟಿ ಸೋರುತ್ತಿದ್ದರೆ ಒಳಮೂಲೆಯ ಫೋಟೊ ಹಾಕಿ; ಪಟ್ಟಿ ಕೆರೆದರೆ ಸಾಕೇ, ಗಾಜು ಬದಲಿಸಬೇಕೇ ಎಂದು ನೋಡಿ ಹೇಳುತ್ತೇನೆ.